ಮನೆಗೊಂದು ಮೀಟರ್

"ಹತ್ತು ವರ್ಷದ ಹಳೇ ಪುರಾಣ ಯಾರಿಗಮ್ಮ ಬೇಕು?" ಎಂದ ಭಾವ, ತಂಗಿ ತಂದಿದ್ದ ಲೆಕ್ಕದ ಹಾಳೆಯನ್ನು ಸತ್ತ ಜಿರಳೆಯ ಮೀಸೆ ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ ಮೇಜಿನ ಆಚೆ ಬದಿಗೆ ಹಾಕಿದ. ಮೇಜು ಹೊಸದು. ಇಬ್ಬರು ಕಾಲು ಚಾಚಿ ಮಲಗಬಹುದಾದಷ್ಟು ಅಗಲ. ಹೋದ ವರ್ಷದ ಲಾಭ ಕೈಗೆ ಬಂದ ಕೂಡಲೇ ಕಂಪನಿಗಾಗಿ ಅವನು ಕೊಂಡ ಮೊದಲ ಸಲಕರಣೆ ಅದು. ಎರಡನೆಯದು ಅವನು ಕೂತಿದ್ದ ಕುರ್ಚಿ. ತನ್ನ ಮಾತು ತನಗೇ ಮೆಚ್ಚುಗೆಯಾದಾಗ ಅದರಲ್ಲಿ ಅರ್ಧ ಸುತ್ತು ತಿರುಗಿ, ಕಿಟಕಿ ನೋಡಿ, ಮತ್ತೆ ಈಚೆ ಬರುತ್ತಿದ್ದ. ಈಗಲೂ ತಿರುಗಿದ.

ಗೋಡೆ ಬದಿಯ ಸೋಫಾದಲ್ಲಿ ಅಕ್ಕ, ಅಂದರೆ ಅವನ ಹೆಂಡತಿ, ಕೂತಿದ್ದಳು. ಅವಳ ಪಕ್ಕದಲ್ಲಿ ಕಂಪನಿಯ ಆಡಿಟರ್. ಕೆಳಗಿನ ವರ್ಕ್‌ಶಾಪಿನವರು ಆತನಿಗೆ 'ಅದೂಸರಿ' ಎಂದು ಹೆಸರಿಟ್ಟಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿಯವನು. ಹಾಗೆ ಹೇಳಿದ್ದಕ್ಕೂ ಬಿಲ್ಲು ಕಳಿಸುತ್ತಿದ್ದ.

ನೀರಿನ ಮೀಟರ್ ಮಾಡುವ ಆ ಕಾರ್ಖಾನೆಯನ್ನು ಕಟ್ಟಿದವನು ಅಪ್ಪ. ಹಿತ್ತಾಳೆ ಎರಕದಿಂದ ಹಿಡಿದು ಮುಳ್ಳು ಕೂರಿಸುವವರೆಗೆ ಎಲ್ಲ ಕೆಲಸವೂ ಅಲ್ಲೇ. ಸಾಯುವಾಗ ಇಬ್ಬರು ಹೆಣ್ಣುಮಕ್ಕಳಿಗೂ ಸರಿಸಮ ಷೇರು ಬರೆದಿಟ್ಟ. ದೊಡ್ಡವಳ ಗಂಡ ಅಪ್ಪನ ಕುರ್ಚಿ ಹತ್ತಿದ. ಚಿಕ್ಕವಳು ಮೊದಲಿನಿಂದಲೂ ಪರೀಕ್ಷೆಯ ಕೋಣೆಯಲ್ಲಿದ್ದಳು. ಮೀಟರಿನೊಳಗೆ ನೀರು ಬಿಟ್ಟು, ಹಾದುಹೋದ ನೀರನ್ನು ಅಳೆದು, ಮುಳ್ಳು ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿಯಾದರೆ ಮಾತ್ರ ಸೀಲು ಒತ್ತುವುದು ಅವಳ ಕೆಲಸ. ಮದುವೆ ಆಗಿರಲಿಲ್ಲ. ಸುಳ್ಳು ಹೇಳುವ ಮುಳ್ಳುಗಳನ್ನು ದಿನವಿಡೀ ನೋಡುವವಳಿಗೆ ಮನುಷ್ಯರ ಮೇಲೆ ಎಷ್ಟು ಗೌರವ ಉಳಿದೀತು!

ಹೋದ ವರ್ಷ ಪುರಸಭೆ ಒಂದು ಆಜ್ಞೆ ಹೊರಡಿಸಿತ್ತು. ಮೀಟರ್ ಹಾಕಿಸದ ಮನೆಗೆ ನೀರಿಲ್ಲ. ಗೋಡೆ ಗೋಡೆಯ ಮೇಲೂ 'ಮನೆಗೊಂದು ಮೀಟರ್' ಎಂದು ಬರೆಸಿದರು. ಊರಿಗೆ ಊರೇ ಕಾರ್ಖಾನೆಯ ಬಾಗಿಲಲ್ಲಿ ಸಾಲು ನಿಂತಿತು. ಲಾಭ ಐವತ್ತು ಲಕ್ಷ ದಾಟಿತು. ಅದೇ ವರ್ಷ ಭಾವ ಕಂಪನಿಯ ಬೋರ್ಡನ್ನು ಹಸಿರಿನಿಂದ ನೀಲಿಗೆ ಬದಲಾಯಿಸಿದ್ದ. ಎಲ್ಲವೂ ಆ ನೀಲಿಯಿಂದಲೇ ಆಯಿತೆಂದು ಅವನು ಮನಸಾರೆ ನಂಬಿದ. ತನ್ನ ಕೋಳಿ ಕೂಗದಿದ್ದರೆ ಬೆಳಗೇ ಆಗದು ಎಂದುಕೊಂಡ ಅಜ್ಜಿಗೆ ಕೋಳಿಯಾದರೂ ಇತ್ತು. ಭಾವನಿಗೆ ಅದೂ ಇರಲಿಲ್ಲ.

ಈಗ ಅವನಿಗೆ ಇಡೀ ಕಂಪನಿ ಬೇಕಾಗಿತ್ತು. ಅದಕ್ಕೂ ಅಪ್ಪ ಒಂದು ದಾರಿ ಬರೆದಿಟ್ಟು ಹೋಗಿದ್ದ. ಚಿಕ್ಕಂದಿನಲ್ಲಿ ಕಲ್ಲಂಗಡಿ ಹಣ್ಣಿಗೆ ಅಕ್ಕತಂಗಿಯರು ಜಗಳ ತೆಗೆದರೆ ಅವನು ಚಾಕು ತಂದು ಒಬ್ಬಳ ಕೈಗೆ ಕೊಡುತ್ತಿದ್ದ. "ನೀನು ಕತ್ತರಿಸು. ಆರಿಸೋದು ಅವಳು." ಕತ್ತರಿಸುತ್ತಿದ್ದವಳು ಯಾವಾಗಲೂ ಅಕ್ಕ. ನಾಲಿಗೆ ಕಚ್ಚಿಕೊಂಡು, ಒಂದು ಕಣ್ಣು ಮುಚ್ಚಿ, ಬೀಜ ಎಣಿಸಿದರೂ ಎರಡೂ ಕಡೆ ಸಮ ಬರುವ ಹಾಗೆ ಕತ್ತರಿಸುತ್ತಿದ್ದಳು. ಷೇರಿಗೂ ಅದೇ ನಿಯಮ: ಬೇರೆಯಾಗಬೇಕು ಎಂದವರು ಬೆಲೆ ಹೇಳಬೇಕು. ಅದೇ ಬೆಲೆಗೆ ಕೊಳ್ಳುವುದೋ ಮಾರುವುದೋ ಎಂದು ಇನ್ನೊಬ್ಬರು ಆರಿಸಬೇಕು. ಮೂರನೆಯ ದಾರಿ ಇಲ್ಲ.

ಅಕ್ಕ ಈ ಸಲ ಚಾಕುವನ್ನು ಗಂಡನ ಕೈಗೆ ಕೊಟ್ಟಿದ್ದಳು.

"ಹೋದ ವರ್ಷದ ಲಾಭ, ಅದರ ಇಪ್ಪತ್ತು ಪಟ್ಟು," ಎಂದ ಭಾವ. "ಅದು ಕಂಪನಿ ಬೆಲೆ. ಅದರಲ್ಲಿ ಅರ್ಧ ನಿನ್ನದು. ನಾನು ಮೋಸ ಮಾಡೋನಲ್ಲ."

"ಇಪ್ಪತ್ತು ಪಟ್ಟೇ ಇರಲಿ ಭಾವ, ಬೇಡ ಅನ್ನಲ್ಲ. ಯಾವುದರ ಇಪ್ಪತ್ತು ಪಟ್ಟು ಅನ್ನೋದೇ ನನ್ನ ಪ್ರಶ್ನೆ. ಒಂದು ವರ್ಷದ್ದು ಯಾಕೆ ತಗೋತೀರ? ಹತ್ತು ವರ್ಷದ್ದೂ ತಗೊಳ್ಳಿ. ಕೆಟ್ಟ ವರ್ಷ, ಸಪ್ಪೆ ವರ್ಷ ಎಲ್ಲ ಸೇರಲಿ. ಆಗಿನ ನೂರು ಇವತ್ತಿನ ನೂರಲ್ಲ. ಬೆಲೆ ಎಷ್ಟು ಏರಿದೆಯೋ ಅಷ್ಟು ಸೇರಿಸಿ, ಒಂದೊಂದು ವರ್ಷದ ಲಾಭಾನೂ ಇವತ್ತಿನ ದುಡ್ಡಿಗೆ ತಂದಿದೀನಿ. ಆಮೇಲೆ ಸರಾಸರಿ. ಹದಿನೈದು ಲಕ್ಷಾನೂ ಮುಟ್ಟಲ್ಲ."

"ಸತ್ತ ವರ್ಷಗಳನ್ನೆಲ್ಲ ಎಬ್ಬಿಸ್ಕೊಂಡು ಬಂದಿದಾಳೆ ನೋಡ್ರೀ," ಎಂದು ಭಾವ ಆಡಿಟರನ ಕಡೆ ನಕ್ಕ. "ನಾನು ಬಂದಮೇಲೆ ಲಾಭ ವರ್ಷಾ ವರ್ಷಾ ಏರಿದೆಯೋ ಇಲ್ವೋ, ನೀವೇ ಹೇಳಿ."

"ಏರಿದೆ, ಏರಿದೆ," ಎಂದ ಆಡಿಟರ್.

"ಅಂಕಿ ಏರಿದೆ," ಎಂದಳು ತಂಗಿ. "ಬೆಲೆಗಳು ಅದಕ್ಕಿಂತ ಜೋರಾಗಿ ಏರಿವೆ. ಇವತ್ತಿನ ದುಡ್ಡಲ್ಲಿ ನೋಡಿದ್ರೆ ಮೊನ್ನೆಯವರೆಗೂ ಪ್ರತಿ ವರ್ಷ ಇಳೀತಾನೇ ಬಂದಿದೆ. ಅಪ್ಪನ ಕಾಲದ ತೀರಾ ಕೆಟ್ಟ ವರ್ಷ ಕೂಡ ನಿಮ್ಮ ಒಳ್ಳೇ ವರ್ಷಕ್ಕಿಂತ ಮೇಲಿದೆ, ಹೋದ ವರ್ಷ ಒಂದು ಬಿಟ್ಟು."

"ಅದೂ ಸರಿ," ಎಂದ ಆಡಿಟರ್ ಹಾಳೆ ನೋಡದೆಯೇ. ಭಾವ ದುರುಗುಟ್ಟಿ ನೋಡಿದ ಮೇಲೆ ಕನ್ನಡಕ ತೆಗೆದು ಒರೆಸತೊಡಗಿದ.

"ಮನೆಗೊಂದು ಮೀಟರ್ ಆಯ್ತು," ಎಂದಳು ತಂಗಿ. "ಇನ್ನು ಯಾರಿಗೆ ಮಾರ್ತೀರ? ಪಕ್ಕದ ಊರಿಗೆ ಅವರದ್ದೇ ಫ್ಯಾಕ್ಟರಿ ಇದೆ."

"ಹಾಳಾದ ಮೇಲೆ ಮತ್ತೆ ತಗೋತಾರಪ್ಪ!"

"ನಮ್ಮ ಮೀಟರ್ ಹಾಳಾಗಲ್ಲ, ಭಾವ. ಹಾಳಾಗೋದನ್ನ ನಾನು ಪಾಸ್ ಮಾಡಲ್ಲ."

ಮಾತಿಗೆ ಸಿಕ್ಕಿಬಿದ್ದಾಗ ಭಾವ ಗಾದೆ ಹೇಳುತ್ತಿದ್ದ. "ಗಾಳಿ ಬಂದಾಗ ತೂರ್ಕೋಬೇಕಮ್ಮ," ಎಂದು ಅರ್ಧ ಸುತ್ತು ತಿರುಗಿದ. ಗಾಳಿ ನಿಂತ ಮೇಲೂ ಮೊರ ಹಿಡಿದು ಕೂತವನಿಗೆ ಏನು ಹೇಳುವುದು? ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಸಾಕು ಎಂದುಕೊಂಡು ತಂಗಿ ಹಾಳೆಯನ್ನು ಮಡಿಸಿದಳು. ಭಾವ ದುಡ್ಡು ಎಲ್ಲಿಂದ ತರುತ್ತಾನೆ ಎಂಬುದು ಆಗಲೇ ಮಾತು ಮಾತಿನಲ್ಲಿ ಹೊರಬಿತ್ತು. ಬ್ಯಾಂಕು ಸಾಲ ಕೊಡುತ್ತದೆ. ಆಧಾರಕ್ಕೆ ಅಕ್ಕನ ಮನೆ. ಮದುವೆಯಲ್ಲಿ ಅಪ್ಪ ಅವಳ ಹೆಸರಿಗೇ ಬರೆದುಕೊಟ್ಟ ಮನೆ.

ಅವನು ಮುಳುಗಿದರೆ ಮುಳುಗಲಿ, ತಂಗಿಗೆ ಒಂದು ಹನಿ ಮರುಕವಿರಲಿಲ್ಲ. ಆದರೆ ಅಕ್ಕನ ಮನೆ?

ಮಾರನೆಯ ದಿನ ಮಧ್ಯಾಹ್ನ ಭಾವ ಇಲ್ಲದ ಹೊತ್ತು ನೋಡಿ ಅವಳು ಅಕ್ಕನ ಅಡುಗೆಮನೆಗೆ ಹೋದಳು. ಅಕ್ಕ ಒಲೆಯ ಕಟ್ಟೆ ಒರೆಸುತ್ತಿದ್ದಳು. ತಂಗಿ ನೀರು ಕುಡಿದು, ಲೋಟ ತೊಳೆದಿಟ್ಟು, ಅಲ್ಲೇ ನಿಂತಳು.

"ಅಕ್ಕ, ನಿನ್ನ ಮಗಳಿಗೆ ಹೋದ ತಿಂಗಳು ಜ್ವರ ಬಂದಿತ್ತಲ್ಲ, ನೂರಾ ಮೂರು. ಅವಳ ಮೈ ಬಿಸಿ ಯಾವಾಗ್ಲೂ ನೂರಾ ಮೂರು ಅಂತ ಯಾರಿಗಾದ್ರೂ ಹೇಳ್ತೀಯಾ?"

"ನನ್ನ ಮಗಳ ಜ್ವರದ ಸುದ್ದಿ ಯಾಕೆ ಎತ್ತುತೀಯ? ಬಿಡ್ತು ಅನ್ನು."

"ಬಿಡ್ತು. ಹೋದ ವರ್ಷ ಕಂಪನಿಗೆ ಬಂದಿದ್ದೂ ಜ್ವರಾನೇ ಅಂತ ಹೇಳೋಕೆ ಬಂದೆ. ಅದನ್ನ ನೋಡಿ ಬೆಲೆ ಕಟ್ಟಬೇಡಿ. ಭಾವ ಹೇಳಿದ್ದು ಬಿಡಿ, ಬೆಲೆ ನಾನು ಹೇಳ್ತೀನಿ. ಅವರು ಹೇಳಿದ್ದರಲ್ಲಿ ಮೂರನೇ ಒಂದು ಭಾಗಾನೂ ಬೇಡ ನಂಗೆ. ನನ್ನ ಪಾಲು ನೀವೇ ತಗೊಳ್ಳಿ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಕೊಟ್ಟರೂ ಆಯ್ತು. ಸಾಲ ಬೇಡ ಅಕ್ಕ, ಮನೆ ಅಡ ಇಡಬೇಡ."

ಅಕ್ಕನ ಕೈಯ ಬಟ್ಟೆ ನಿಂತಿತು. ಅವಳು ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆ ಮುಖದಲ್ಲಿ ಅವಳು ಏನನ್ನು ಹುಡುಕುತ್ತಿದ್ದಾಳೆಂದು ತಂಗಿಗೆ ಮೊದಲು ಹೊಳೆಯಲಿಲ್ಲ.

"ಕಮ್ಮಿ ಕೊಡಿ ಅಂತ ಕೇಳೋರು ಲೋಕದಲ್ಲಿ ಯಾರಿದಾರೆ?" ಎಂದಳು ಅಕ್ಕ ಕೊನೆಗೆ. "ಮಳ್ಳಿ ಮಳ್ಳಿ ಮಂಚಕ್ಕೆ ಎಷ್ಟು ಕಾಲು ಅಂದ್ರೆ ಮೂರು ಮತ್ತೊಂದು ಅಂದ್ಲಂತೆ. ನೀನು ಆ ಬೆಲೆ ಹೇಳೋದು, ನಾವು ಹೂಂ ಅನ್ನೋದು, ಆಮೇಲೆ ಅದೇ ಬೆಲೆಗೆ ನಮ್ಮ ಪಾಲನ್ನ ನೀನು ಹೊಡ್ಕೊಳ್ಳೋದು. ಇಷ್ಟೇ ತಾನೆ?"

"ಬೆಲೆ ಹೇಳೋಳು ನಾನಾದ್ರೆ ಆರಿಸೋರು ನೀವು ಕಣೇ! ನಾನು ಹೇಗೆ ಹೊಡ್ಕೊಳ್ಳಲಿ?"

"ಅದೆಲ್ಲ ನಂಗೆ ಗೊತ್ತಾಗಲ್ಲ. ಅವರಿಗೆ ಗೊತ್ತಾಗುತ್ತೆ." ಅಕ್ಕ ಮತ್ತೆ ಒರೆಸತೊಡಗಿದಳು. "ಅವರು ಮೇಲೆ ಬಂದಿದ್ದು ನಿಂಗೆ ಹೊಟ್ಟೆಕಿಚ್ಚು. ಟೆಸ್ಟಿಂಗ್ ರೂಮಲ್ಲಿ ಕೂತು ಕೂತು ಎಲ್ಲರಲ್ಲೂ ಸೋರೋದನ್ನೇ ಹುಡುಕೋ ಬುದ್ಧಿ ಬಂದಿದೆ ನಿಂಗೆ."

ಕಲ್ಲಂಗಡಿಯನ್ನು ಬೀಜ ಎಣಿಸಿದ ಹಾಗೆ ಕತ್ತರಿಸುತ್ತಿದ್ದ ಹುಡುಗಿ ಇವಳೇ. ಇವಳಿಗೆ ಲೆಕ್ಕ ತಿಳಿಯದು ಎಂದಲ್ಲ, ತಿಳಿಯುವ ಗೋಜು ಬೇಡ. ಗಂಡನಿಗೆ ತಿಳಿದಿದೆ ಎನ್ನುವುದರಲ್ಲಿ ಇರುವ ಸುಖ ಸ್ವಂತ ತಿಳುವಳಿಕೆಯಲ್ಲಿ ಎಲ್ಲಿದೆ? ತಂಗಿಗೆ ಅಳು ಬರಲಿಲ್ಲ, ಅಸಹ್ಯವಾಯಿತು. ಭಾವನ ಮೇಲಿದ್ದ ತಿರಸ್ಕಾರ ಹಳೆಯದು, ಒಂದು ರೀತಿ ತಮಾಷೆಯದು, ಅದರ ಜೊತೆ ಬದುಕಬಹುದಿತ್ತು. ಇದು ಹಾಗಿರಲಿಲ್ಲ.

ಸಂಜೆಯೊಳಗೆ ಸುದ್ದಿ ಭಾವನಿಗೆ ಮುಟ್ಟಿತು. ತಂಗಿ ಕಡಿಮೆ ಬೆಲೆ ಹೇಳುತ್ತಿದ್ದಾಳೆಂದರೆ ಅವಳ ಹಿಂದೆ ಯಾರೋ ದೊಡ್ಡ ಕುಳ ಇದೆ, ಅಗ್ಗಕ್ಕೆ ಕೊಳ್ಳುವ ಹುನ್ನಾರ ನಡೆದಿದೆ ಎಂದು ಅವನು ಲೆಕ್ಕ ಹಾಕಿದ. ಅವಳಿಗೆ ಕೊಳ್ಳಲು ಸಾಧ್ಯವೇ ಆಗಬಾರದೆಂದು, ಮೊದಲು ಹೇಳಿದ ಬೆಲೆಯ ಮೇಲೆ ಇನ್ನೂ ಹತ್ತನೇ ಒಂದು ಭಾಗ ಸೇರಿಸಿ, ಬರಹದಲ್ಲಿ ಕಳಿಸಿದ. ಮೀಸೆ ತಿರುವುತ್ತಾ ತನ್ನ ಕೊರಳಿಗೆ ತಾನೇ ಹಗ್ಗ ಹೊಸೆಯುವವರನ್ನು ತಂಗಿ ಅದುವರೆಗೆ ನೋಡಿರಲಿಲ್ಲ. ಆ ಬೆಲೆಗೆ ಕೊಂಡರೆ ಅವಳು ಮುಳುಗುತ್ತಾಳೆ. ಮಾರಿದರೆ ಅಕ್ಕನ ಮನೆ. ಅಪ್ಪ ಮೂರನೆಯ ದಾರಿ ಬರೆದಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಒಬ್ಬಳು ಚಾಕುವನ್ನು ಇಂಥವನ ಕೈಗೆ ಕೊಟ್ಟಾಳು ಎಂದು ಅವನಿಗೆ ಹೊಳೆದಿರಲಿಕ್ಕಿಲ್ಲ.

ಅವಳು ಮಾರುತ್ತೇನೆ ಎಂದು ತಿಳಿಸಿದಳು.

ಬ್ಯಾಂಕಿನ ಮ್ಯಾನೇಜರನ ಕೋಣೆಯಲ್ಲಿ ಕುರ್ಚಿಗಳು ಸಾಲದೆ ಆಡಿಟರ್ ನಿಂತೇ ಇದ್ದ. ಮ್ಯಾನೇಜರನ ಮುಂದೆ ಕಂಪನಿಯ ಲಾಭದ ಚಿತ್ರವಿತ್ತು: ಮೋಟುಗಿಡಗಳ ಸಾಲಿನ ಕೊನೆಗೆ ಒಂದೇ ಒಂದು ಎತ್ತರದ ನೀಲಿ ಕಂಬ. ಅವನು ಆ ಕಂಬವನ್ನು ಪ್ರೀತಿಯಿಂದ ನೋಡುತ್ತಿದ್ದ. ಸಾಲ ಕೊಡುವವನೂ ಸಾಲ ತೆಗೆಯುವವನೂ ಒಂದೇ ಕಂಬಕ್ಕೆ ಒರಗಿ ನಿಂತಿದ್ದರು. ತಂಗಿ ತನ್ನ ಷೇರಿನ ಕಾಗದಗಳಿಗೆ ಸಹಿ ಮಾಡಿ ಸರಿಸಿದಳು. ಭಾವ ಸಹಿ ಮಾಡಿದ. ಅವನ ಸಹಿಯೂ ಈಚೆಗೆ ಅಗಲವಾಗಿತ್ತು.

ಕೊನೆಗೆ ಮನೆಯ ಅಡಮಾನದ ಪತ್ರ ಅಕ್ಕನ ಮುಂದೆ ಬಂತು. ಮ್ಯಾನೇಜರ್ ಪೆನ್ಸಿಲಿನಲ್ಲಿ ಗುರುತು ಹಾಕಿದ ಜಾಗದ ಮೇಲೆ ಅಕ್ಕ ಪೆನ್ನು ಇಡುವಷ್ಟರಲ್ಲಿ, ತಂಗಿ ಕೈ ಚಾಚಿ ಅಂಗೈಯಿಂದ ಆ ಜಾಗವನ್ನು ಮುಚ್ಚಿದಳು. ಹೀಗೆ ಮಾಡುತ್ತೇನೆಂದು ಅವಳು ಅಂದುಕೊಂಡಿರಲಿಲ್ಲ.

"ಅಕ್ಕ, ಇದು ಬೇಡ. ನಾನು ಈಗಲೂ ಹರಿದು ಹಾಕ್ತೀನಿ. ಚಾಕು ನೀನು ಹಿಡಿ. ನೀನು ಹೇಗೆ ಕತ್ತರಿಸಿದ್ರೂ ನಂಗೆ ಒಪ್ಪಿಗೆ."

ಅಕ್ಕ ತಲೆ ಎತ್ತಿದಳು. ಒಂದು ಕ್ಷಣ ಅವಳ ಒಂದು ಕಣ್ಣು ಚೂರು ಕಿರಿದಾಯಿತು, ಹಿಂದೆ ಹಣ್ಣಿನ ಮುಂದೆ ಆಗುತ್ತಿದ್ದ ಹಾಗೆ.

"ಏನು ಚಾಕು? ಏನ್ ಮಾತಿದು?" ಎಂದ ಭಾವ. "ಮ್ಯಾನೇಜರ್ ಸಾಹೇಬ್ರಿಗೆ ಬೇರೆ ಕೆಲಸ ಇದೆ."

ಅಕ್ಕ ಗಂಡನ ಕಡೆ ನೋಡಿದಳು, ಆಮೇಲೆ ಕಾಗದದ ಕಡೆ. "ಕೈ ತೆಗಿಯೇ," ಎಂದಳು ಮೆಲ್ಲಗೆ. "ಎಲ್ಲರ ಮುಂದೆ ನಮ್ಮ ಮರ್ಯಾದೆ ತೆಗೀಬೇಡ."

ತಂಗಿ ಕೈ ತೆಗೆದಳು. ಬೆವರಿಗೆ ಕಾಗದ ಸ್ವಲ್ಪ ಒದ್ದೆಯಾಗಿತ್ತು. ಅಕ್ಕ ಅದನ್ನು ಸೆರಗಿನ ತುದಿಯಿಂದ ಒತ್ತಿ ಒಣಗಿಸಿ, ದುಂಡಗೆ, ಒಂದಕ್ಷರ ತಪ್ಪದೆ ಸಹಿ ಮಾಡಿದಳು. "ಎಲ್ಲಾ ಸರಿಹೋಯ್ತು," ಎಂದ ಆಡಿಟರ್.

ಚೆಕ್ಕನ್ನು ಕೈಚೀಲದಲ್ಲಿ ಹಾಕಿಕೊಂಡು ತಂಗಿ ನಡೆದೇ ಹೊರಟಳು. ಇನ್ನೂ ಬಿಸಿಲಿತ್ತು. ಹಾದಿಯುದ್ದಕ್ಕೂ ಅವಳೊಳಗೆ ತಿರಸ್ಕಾರ ಕುದಿಯುತ್ತಿತ್ತು: ಭಾವನ ಮೇಲೆ, ಅದೂಸರಿಯ ಮೇಲೆ, ನೀಲಿ ಕಂಬವನ್ನು ಪ್ರೀತಿಸಿದ ಮ್ಯಾನೇಜರನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಅಕ್ಕನ ಮೇಲೆ. ಸರಿಯಾಗಿ ಪಾಲು ಮಾಡಿ ನೋಡಿದರೆ ಅದರಲ್ಲಿ ತನ್ನ ಪಾಲಿಗೂ ಒಂದು ದೊಡ್ಡ ಭಾಗ ಬರಬೇಕಿತ್ತು. ಬೆಲೆ ಸುಳ್ಳೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಸುಳ್ಳು ಮುಳ್ಳಿಗೆ ಅವಳು ಮೊದಲ ಸಲ ಸೀಲು ಒತ್ತಿದ್ದಳು, ಅದಕ್ಕೆ ದುಡ್ಡನ್ನೂ ತೆಗೆದುಕೊಂಡಿದ್ದಳು.

ತನ್ನ ಮನೆಗೆ ಹೋಗಲು ಅವಳು ಅಕ್ಕನ ಬೀದಿಯನ್ನೇ ಹಾಯಬೇಕು. ಬೀದಿಯ ಎರಡೂ ಬದಿಗೆ ಗೇಟಿನ ಪಕ್ಕ ಹೊಸ ಮೀಟರುಗಳು. ಹಿತ್ತಾಳೆಯ ಹೊಳಪು ಇನ್ನೂ ಹೋಗಿರಲಿಲ್ಲ. ಎಲ್ಲದರ ಮೇಲೂ ಅವಳ ಸೀಲು. ಒಂದು ಮನೆ ಬಿಡದೆ, ಬೀದಿಯ ಕೊನೆಯವರೆಗೂ.

ಅಕ್ಕನ ಗೇಟಿನ ಪಕ್ಕ ಮಾತ್ರ ಹಳೆಯದಿತ್ತು. ಮದುವೆಯ ವರ್ಷ ಅಪ್ಪ ಸ್ವತಃ ಕುಕ್ಕರಗಾಲಲ್ಲಿ ಕೂತು ಜೋಡಿಸಿದ್ದು. ಹಿತ್ತಾಳೆ ಕಪ್ಪಾಗಿತ್ತು, ಗಾಜಿನ ಅಂಚಿಗೆ ಪಾಚಿ ಹಿಡಿದಿತ್ತು. ತಂಗಿ ಬಗ್ಗಿ ಹೆಬ್ಬೆರಳಿನಿಂದ ಗಾಜನ್ನು ಒರೆಸಿದಳು. ಒಳಗೆ ಯಾರೋ ನಲ್ಲಿ ಬಿಟ್ಟಿರಬೇಕು. ಮುಳ್ಳು ಒಂದಿಷ್ಟೂ ತಡವರಿಸದೆ ಸುತ್ತುತ್ತಿತ್ತು.