ಅಪ್ಪನ ರುಜು

"ಹಡೆದೋಳು ನೀನೇ ಇರಬಹುದಮ್ಮ. ಅದಕ್ಕೇನೀಗ? ಹಸುನೂ ಹಡೆಯುತ್ತೆ. ಕರು ಯಾರಿಗೆ ಕೊಡೋಣ ಅಂತ ಹಸುನ ಯಾರಾದ್ರೂ ಕೇಳ್ತಾರಾ?"

ನ್ಯಾಯಾಧೀಶ ಹೀಗಂದಾಗ ಗೋಡೆಗೊರಗಿದ್ದ ಗಂಡಸರೆಲ್ಲ ನಕ್ಕರು. ಹನೋರ ನಗುವವರ ಮುಖಗಳನ್ನು ಒಂದೊಂದಾಗಿ ನೋಡಿದಳು. ತನ್ನ ಗಂಡನಿಗೆ ಕುಡಿಸಿ ತಲೆ ಕೆಡಿಸಿದವನು ಇವರಲ್ಲಿ ಯಾವನೋ.

ಗಂಡ ಮಾರ್ಟಿನ್ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಹತ್ತು ವರ್ಷದ ಮಗಳು ಡೀಲಿಯಾಳನ್ನು ಹದಿನೆಂಟು ತುಂಬುವ ತನಕ ಹಡ್ಸನ್ ಹೊಳೆಯಾಚೆಯ ರೈತನ ಮನೆಯ ಚಾಕರಿಗೆ ಬರೆದುಕೊಟ್ಟು ರುಜು ಹಾಕಿದ್ದ. ಆ ಹೊತ್ತು ಹನೋರ ಕಾರ್ಖಾನೆಯಲ್ಲಿ ಗಂಡಸರ ಕಾಲರುಗಳಿಗೆ ಇಸ್ತ್ರಿ ತಿಕ್ಕುತ್ತಿದ್ದಳು.

"ನನ್ನೊಂದ್ ಮಾತೂ ಕೇಳ್ಲಿಲ್ಲ ಸ್ವಾಮಿ ಅವ್ನು."

"ಕೇಳಬೇಕು ಅಂತ ಕಾನೂನಿಲ್ಲ. ಅಪ್ಪನ ರುಜು ಇದೆ, ಸಾಕು. ಮುಂದಿನವರು ಬನ್ನಿ."

ಬೀದಿಯಲ್ಲಿ ಮಾರ್ಟಿನ್ ಹಿಂದೆಯೇ ಬಂದ. "ಹೊಟ್ಟೆತುಂಬ ಉಣ್ತದೆ ಕಣೆ ಅಲ್ಲಿ ಕೂಸು."

"ನಿಂಗೇನ್ ಕೊಟ್ಟ ಆ ರೈತ ಸೂಳೇಮಗ?"

ಮಾರ್ಟಿನ್ ಬೇರೆ ದಾರಿ ಹಿಡಿದ.

ಮೂರನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಡಾಕ್ಟರ ಹೆಂಡತಿ ಮಿಸೆಸ್ ಹ್ಯಾಸ್ಕಿನ್ಸ್ ಕಾರ್ಖಾನೆಯ ಗೇಟಿಗೆ ಬಂದಳು. ಕೈಯಲ್ಲೊಂದು ಉದ್ದನೆಯ ಕಾಗದವಿತ್ತು. ಹೆಂಗಸರಿಗೂ ಗಂಡಸರಷ್ಟೇ ಹಕ್ಕು ಬೇಕು, ಮಕ್ಕಳ ಮೇಲೆ ತಾಯಿಗೂ ಅಧಿಕಾರ ಬೇಕು, ಇದನ್ನು ರಾಜಧಾನಿ ಆಲ್ಬನಿಯ ಶಾಸನಸಭೆಗೆ ಕಳಿಸುತ್ತೇವೆ, ಹೆಸರು ಹಾಕಿ ಎಂದಳು.

ಹನೋರಳಿಗೆ ಮೈಯೆಲ್ಲ ಅನುಮಾನ. ಕೋರ್ಟಿಗೆ ಹೋಗಿಬಂದ ಮೂರೇ ದಿನಕ್ಕೆ ಇವಳು ಬಂದದ್ದು ಯಾಕೆ? ಯಾರು ಕಳಿಸಿದರು? ಹೋದ ಸುಗ್ಗಿಯಲ್ಲಿ ಇಂಥದೇ ಒಂದು ಕಾಗದಕ್ಕೆ ಹೆಸರು ಹಾಕಿದ ಏಳು ಹೆಂಗಸರನ್ನು ಮೇಸ್ತ್ರಿ ಕೆಲಸದಿಂದ ಕಿತ್ತುಹಾಕಿದ್ದ.

"ಈ ಕಾಗ್ದ ನನ್ ಮಗೀನ ವಾಪಸ್ ತಂದ್ಕೊಡ್ತದಾ ಅಮ್ಮೋರೆ?"

ಮಿಸೆಸ್ ಹ್ಯಾಸ್ಕಿನ್ಸ್ ಕಾಗದ ಕೆಳಗಿಳಿಸಿದಳು. "ಇಲ್ಲ. ಆದ್ರೆ ಮುಂದೆ ಯಾರೂ ತಾಯಿನ ಕೇಳ್ದೆ ಮಗು ಕೊಡೋ ಹಾಗಿರಲ್ಲ."

"ನಿಮ್ಮನೆ ಕೆಲ್ಸದ ಹುಡ್ಗಿಗೆ ಎಷ್ಟು ವಯಸ್ಸು?"

"ಹನ್ನೆರಡು."

"ಬರ್ಕೊಟ್ಟೋನು ಯಾರು?"

"ಅವಳಪ್ಪ."

"ಅವ್ಳವ್ವನ್ನ ಕೇಳಿದ್ರಾ?"

ಡಾಕ್ಟರ ಹೆಂಡತಿಯ ಕಿವಿಗಳು ಕೆಂಪಾದವು. ಹಿಂದೆ ನಿಂತಿದ್ದ ಕಾರ್ಖಾನೆಯ ಹೆಂಗಸರಲ್ಲೊಬ್ಬಳು ಕಿಸಕ್ಕೆಂದಳು. ಹನೋರ ಕಾಗದ ಕಿತ್ತುಕೊಂಡು, ಅಕ್ಷರ ಬಾರದ ಕೈಯಿಂದ ಒತ್ತಿ ಒಂದು ಗುರುತು ಹಾಕಿದಳು.

"ನಿಮ್ಮನ್ನ ನಂಬಿ ಹಾಕಿದ್ದಲ್ಲ ಇದು. ಇವತ್ತು ಮನೆಗೋಗಿ ಆ ಹುಡ್ಗಿನ ಅವ್ಳವ್ವನತ್ರ ಬಿಟ್ಬನ್ನಿ. ಆಮೇಲೆ ಬೇರೆಯೋರನ್ನ ಕೇಳಿ."

ಕೆಲಸದ ಗಂಟೆ ಹೊಡೆಯಿತು. ಹನೋರ ಒಳಗೆ ಹೋಗಲಿಲ್ಲ. ಹೆಪ್ಪುಗಟ್ಟಿದ ಹೊಳೆ ದಾಟಿ, ಹಿಮ ತುಳಿಯುತ್ತ ಎರಡು ತಾಸು ನಡೆದಳು.

ರೈತನ ಅಂಗಳದಲ್ಲಿ ಡೀಲಿಯಾ ನೀರಿನ ಬಕೆಟ್ಟು ಹೊತ್ತು ಬರುತ್ತಿದ್ದಳು. ಬೆರಳುಗಳ ಸಂದಿ ಸೀಳಿ ರಕ್ತ ಕಟ್ಟಿತ್ತು. ಅವ್ವನನ್ನು ಕಂಡರೂ ಓಡಿಬರಲಿಲ್ಲ. ಮೊದಲು ಅಡುಗೆಮನೆಯ ಕಿಟಕಿಯ ಕಡೆ ನೋಡಿದಳು. ಏಳು ದಿನದಲ್ಲಿ ಅಷ್ಟು ಕಲಿತಿದ್ದಳು.

ರೈತನ ಹೆಂಡತಿ ಹೊರಗೆ ಬಂದಳು. "ಏಯ್ ಐರಿಷ್ ಹಾದರಗಿತ್ತಿ, ಕಳ್ಳತನಕ್ಕೆ ಬಂದ್ಯಾ? ಕಾಗದ ಐತೆ ನಮ್ಮತ್ರ."

"ಇರ್ಲಿ. ಅದನ್ನೇ ನೀರು ಹೊರೋಕೆ ಕಳ್ಸು."

ರೈತ ಹಿಮದ ಮೇಲೆ ಜಾರುವ ಸ್ಲೆಡ್ಜ್ ಬಂಡಿ ಕಟ್ಟಿಕೊಂಡು ಕಾನ್‌ಸ್ಟೇಬಲನನ್ನು ಕರೆತರಲು ಹೋದ. ಓಡಿದರೆ ದಾರಿಯಲ್ಲೇ ಹಿಡಿಯುತ್ತಾರೆಂದು ಹನೋರಳಿಗೆ ಗೊತ್ತಿತ್ತು. ಅವಳು ಮೆಟ್ಟಿಲ ಮೇಲೆ ಕೂತು, ಮಗಳನ್ನು ತೊಡೆಗೆಳೆದುಕೊಂಡು, ತನ್ನ ಶಾಲನ್ನು ಇಬ್ಬರ ಸೊಂಟಕ್ಕೂ ಸುತ್ತಿ ಬಿಗಿಯಾಗಿ ಮೂರು ಗಂಟು ಹಾಕಿದಳು.

"ಹೊಡೀತಾರೇನವ್ವ?"

"ಹೊಡೀಬೌದು. ಕೈ ಬಿಡಬ್ಯಾಡ."

ಕಾನ್‌ಸ್ಟೇಬಲ್ ಬಂದವನೇ ಎದ್ದೇಳು ಎಂದ. ಹನೋರ ಏಳಲಿಲ್ಲ. ಅವನು ಕೈಗವಸು ಬಿಚ್ಚಿ, ಬಗ್ಗಿ, ಗಂಟಿಗೆ ಬೆರಳು ಹಾಕಿದ. ಚಳಿಗೆ ಮರಗಟ್ಟಿದ ಬೆರಳು, ಗಂಟು ಅಲುಗಲಿಲ್ಲ.

"ಒಂದು ಚಾಕು ಕೊಡಿ," ಎಂದು ಅವನು ಒಳಗೆ ಕೂಗಿದ.