ಕ್ಯಾಪ್ಟನ್ ಬಿಡುತ್ತಾರಂತೆ ಎಂಬ ಸುದ್ದಿ

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಪುಟ್ಟ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡುವವಳನ್ನು ಬೀದಿಯವರೆಲ್ಲ ಕಿವಿ ಮೇಡಂ ಅನ್ನುತ್ತಿದ್ದರು. ವಯಸ್ಸು ನಲವತ್ತೆರಡಾದರೂ ಸೋದರಮಾವನಿಗೆ ಮಾತ್ರ ಅವಳು ಪುಟ್ಟಿ. ಅವಳಿಗೆ ಎರಡು ಕೆಲಸ. ವಾರದಲ್ಲಿ ಆರು ದಿನ, ಕೇಳಿಸದವರಿಗೆ ಏನೆಲ್ಲ ಕೇಳಿಸುತ್ತಿಲ್ಲ ಎಂದು ಅಳೆದು ಕಿವಿ ಮೆಷಿನ್ ಹಾಕಿಕೊಡುವುದು. ಉಳಿದ ಹೊತ್ತೆಲ್ಲ ‘ಏಳನೇ ಕಕ್ಷೆ’.

‘ಏಳನೇ ಕಕ್ಷೆ’ ಟೀವಿಯಲ್ಲಿ ಒಂಬತ್ತು ವರ್ಷದಿಂದ ಬರುತ್ತಿದ್ದ ವೈಜ್ಞಾನಿಕ ಧಾರಾವಾಹಿ. ದಾರಿ ತಪ್ಪಿದ ಒಂದು ಆಕಾಶಹಡಗು, ಅದರಲ್ಲಿ ಮುನ್ನೂರು ಜನ, ಅವರನ್ನೆಲ್ಲ ಮನೆ ಮುಟ್ಟಿಸಲು ಹೊರಟ ಒಬ್ಬ ಕ್ಯಾಪ್ಟನ್. ಆ ಪಾತ್ರ ಮಾಡುವ ನಟರಿಗೂ ಕ್ಯಾಪ್ಟನ್ ಎಂದೇ ಹೆಸರು ಬಿದ್ದಿತ್ತು. ಪುಟ್ಟಿಗೆ ಅದರ ಹುಚ್ಚು ಎಷ್ಟೆಂದರೆ ಅದರ ನಟರ, ಬರೆಯುವವರ, ಬಟ್ಟೆ ಹೊಲಿಯುವವರ ಸುದ್ದಿಗಳನ್ನೆಲ್ಲ ಹೆಕ್ಕಿ ತರುವ ‘ಕಕ್ಷೆಯ ಸುದ್ದಿ’ ಎಂಬ ಅಂತರ್ಜಾಲದ ಪುಟವೊಂದನ್ನೇ ನಡೆಸುತ್ತಿದ್ದಳು. ಅವಳು ಬರೆದದ್ದನ್ನು ಮಾವ ತಿದ್ದುತ್ತಿದ್ದರು. ಮುದ್ರಣಾಲಯದಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿ ನಿವೃತ್ತರಾದ ಮನುಷ್ಯ. ಧಾರಾವಾಹಿಯ ಒಂದು ಕಂತನ್ನೂ ಪೂರ್ತಿ ನೋಡಿದವರಲ್ಲ, ಆದರೆ ದೀರ್ಘ ತಪ್ಪಿದರೆ ಊಟ ಸೇರದು. ಅವಳು ಬರೆದಿಟ್ಟದ್ದು ತಾನಾಗಿ ಅವರ ಕಂಪ್ಯೂಟರಿಗೂ ಹೋಗಿ ಕೂರುತ್ತಿತ್ತು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ತಿದ್ದಿ ಪ್ರಕಟಿಸುತ್ತಿದ್ದರು. ಓದುವವರು ಹನ್ನೊಂದು ಸಾವಿರ.

ಆ ವರ್ಷ ಹೊಸ ಕಂತುಗಳು ಶುರುವಾದ ಮೇಲೆ ಅಭಿಮಾನಿಗಳಲ್ಲಿ ಗುಸುಗುಸು ಎದ್ದಿತು. ಕ್ಯಾಪ್ಟನ್‌ಗೆ ಮಾತೇ ಇಲ್ಲವಲ್ಲ. ಮೊದಲೆಲ್ಲ ಗುಡುಗುತ್ತಿದ್ದ ಮನುಷ್ಯ ಈಗ ಎದುರಿಗೆ ಬಂದವರನ್ನು ದಿಟ್ಟಿಸಿ ಎರಡು ಮಾತಾಡಿ ಸುಮ್ಮನಾಗುತ್ತಾನಲ್ಲ. ಬೇರೊಂದು ಪುಟದವರು ಕಡ್ಡಿಯನ್ನು ಗುಡ್ಡ ಮಾಡಿದರು: ಕ್ಯಾಪ್ಟನ್ ಧಾರಾವಾಹಿ ಬಿಡುತ್ತಾರಂತೆ, ಕಥೆ ಬರೆಯುವವಳಿಗೂ ಅವರಿಗೂ ಆಗಿಬರುವುದಿಲ್ಲವಂತೆ, ಬೇಕೆಂದೇ ಅವರ ಮಾತು ಕತ್ತರಿಸಿ ಮೂಲೆಗೆ ತಳ್ಳುತ್ತಿದ್ದಾಳಂತೆ. ಕಥೆಗಾರ್ತಿ ಎಂದೇ ಎಲ್ಲರೂ ಕರೆಯುತ್ತಿದ್ದ ಆಕೆ ಧಾರಾವಾಹಿಯನ್ನು ಮೊದಲ ದಿನದಿಂದ ಕಟ್ಟಿ ಬೆಳೆಸಿದವಳು. ಎರಡೇ ವಾರದಲ್ಲಿ ಜನ ಅವಳ ಮೇಲೆ ಮುಗಿಬಿದ್ದರು. ಕಥೆಗಾರ್ತಿ ತುಟಿ ಬಿಚ್ಚಲಿಲ್ಲ. ಕ್ಯಾಪ್ಟನ್ ಕೂಡ.

ಇಷ್ಟು ಆಗಿರುವಾಗ ಒಂದು ಮಂಗಳವಾರ ಕ್ಲಿನಿಕ್ಕಿಗೆ ಟೋಪಿ ಹಾಕಿದ, ನೆರೆತ ಗಡ್ಡದ ಗಂಡಸೊಬ್ಬರು ಬಂದರು. ಚೀಟಿಯಲ್ಲಿ ಯಾವುದೋ ಸಾಧಾರಣ ಹೆಸರು. ಪುಟ್ಟಿ ಅವರನ್ನು ಶಬ್ದ ನುಗ್ಗದ ಗಾಜಿನ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಹೊರಗಿನಿಂದ ಮೈಕಿನಲ್ಲಿ ಪದ ಹೇಳತೊಡಗಿದಳು. ಅವರು ಕೇಳಿಸಿದಂತೆ ತಿರುಗಿ ಹೇಳಬೇಕು. ತುಟಿ ನೋಡಿ ಊಹಿಸದಿರಲೆಂದು ಒಂದು ರಟ್ಟನ್ನು ಬಾಯಿಗೆ ಅಡ್ಡ ಹಿಡಿದಿದ್ದಳು.

“ಮರ.”

“ಮರ.”

“ಸರ.”

“ಬರ.”

“ಕಡಗ.”

ಅವರು ಸ್ವಲ್ಪ ಯೋಚಿಸಿ, “ಹಡಗು,” ಅಂದರು.

ಪುಟ್ಟಿಯ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಒಂಬತ್ತು ವರ್ಷ ಆ ಪದವನ್ನು ಆ ದನಿಯಲ್ಲಿ ಕೇಳಿದವಳು ಅವಳು. ಮುಖ ಎತ್ತಿ ನೋಡಿದಳು. ಟೋಪಿ, ಗಡ್ಡ, ಕನ್ನಡಕಗಳ ಹಿಂದೆ ಕ್ಯಾಪ್ಟನ್ ಕೂತಿದ್ದರು. ಪರೀಕ್ಷೆಯಲ್ಲಿ ಫೇಲಾಗುತ್ತಿದ್ದೇನೆಂದು ಗೊತ್ತಿರುವ ಶಾಲೆಹುಡುಗನ ಹಾಗೆ, ಕೈ ಮಡಿಲಲ್ಲಿಟ್ಟು.

ಉಳಿದ ಹದಿನೆಂಟು ಪದಗಳನ್ನು ಹೇಗೆ ಹೇಳಿ ಮುಗಿಸಿದಳೋ ಅವಳಿಗೇ ತಿಳಿಯದು. ಎಷ್ಟು ಕೇಳಿಸುತ್ತದೆಂದು ತೋರಿಸುವ ಗೆರೆ ಕಾಗದದ ಬಲಗಡೆಗೆ, ಕೀಚಲು ಸ್ವರಗಳ ಕಡೆಗೆ, ಬರುತ್ತಾ ಬರುತ್ತಾ ಕೆಳಗೆ ಜಾರಿಹೋಗಿತ್ತು.

“ನನ್ನ ಗುರುತು ಸಿಕ್ತು ಅಲ್ವಾ ನಿಮಗೆ?” ಹೊರಗೆ ಬಂದು ಕೂತು ಅವರೇ ಕೇಳಿದರು.

“ಸಿಕ್ತು ಸರ್.”

“ಯಾರಿಗೂ ಹೇಳ್ಬೇಡಿ. ಈ ತಿಂಗಳು ಮುಗಿದ ಮೇಲೆ ಧಾರಾವಾಹಿ ಬಿಟ್ಬಿಡೋಣ ಅಂತಿದೀನಿ. ಹೋದ ತಿಂಗಳು ಬೆಂಕಿಯ ಸೀನಲ್ಲಿ ಪಕ್ಕಕ್ಕೆ ಸರೀರಿ ಅಂತ ಹಿಂದಿನಿಂದ ಕೂಗಿದ್ರಂತೆ. ನನಗೆ ಕೇಳಿಸ್ಲೇ ಇಲ್ಲ. ಪಕ್ಕದಲ್ಲಿದ್ದ ಹುಡುಗಿ ನನ್ನ ಎಳ್ಕೊಳ್ಳೋಕೆ ಹೋಗಿ ಬಿದ್ದು ಮೊಣಕೈ ಮುರ್ಕೊಂಡ್ಳು.” ಅವರು ತಮ್ಮ ಅಂಗೈ ನೋಡಿಕೊಂಡರು. “ಸಂಭಾಷಣೆ ಮರ್ತೆ, ವಯಸ್ಸಾಯ್ತು ಅಂತ ಇಷ್ಟು ದಿನ ತಳ್ಳಿದೆ. ಇನ್ನೊಬ್ಬರ ಕೈಕಾಲು ಮುರಿಸೋಕೆ ನನ್ನಿಂದಾಗಲ್ಲ.”

“ಈ ಕೋಣೆಯ ಮಾತು ಈ ಬಾಗಿಲು ದಾಟಲ್ಲ ಸರ್,” ಎಂದಳು ಪುಟ್ಟಿ. “ಆದ್ರೆ ಬಿಡೋ ವಿಚಾರ ಈಗ್ಲೇ ತೀರ್ಮಾನ ಮಾಡ್ಬೇಡಿ. ಶನಿವಾರ ಬನ್ನಿ. ಮೆಷಿನ್ ಹಾಕಿ ನೋಡೋಣ.”

ತಾನು ‘ಕಕ್ಷೆಯ ಸುದ್ದಿ’ ನಡೆಸುವವಳು ಎಂದು ಹೇಳಲಿಲ್ಲ. ಹೇಳಿದರೆ ಮನುಷ್ಯ ಮೆಟ್ಟಿಲು ಇಳಿದು ಓಡಿಹೋದಾರು ಎಂದು ಹೆದರಿದಳು.

ಆ ವಾರ ಅವಳ ಪಾಡು ಬೇಡ. ಜನ ಅವಳ ಪುಟಕ್ಕೇ ಬಂದು ಕಥೆಗಾರ್ತಿಯನ್ನು ಬೈಯುತ್ತಿದ್ದರು. ಹೊಟ್ಟೆಕಿಚ್ಚಿನವಳು, ಕೃತಘ್ನಳು, ಕ್ಯಾಪ್ಟನ್ ಬೆನ್ನಿಗೆ ಚೂರಿ ಹಾಕಿದವಳು. ಶುಕ್ರವಾರ ಯಾರೋ ಪುಣ್ಯಾತ್ಮ ಕಥೆಗಾರ್ತಿಯ ಮನೆ ಗೇಟಿನ ಫೋಟೋ ಹಾಕಿ, ಎಲ್ಲರೂ ಹೋಗಿ ಒಮ್ಮೆ ವಿಚಾರಿಸಿಕೊಂಡು ಬರೋಣ ಎಂದು ಕರೆ ಕೊಟ್ಟ. ಪುಟ್ಟಿ ಅದನ್ನು ಅಳಿಸಿದಳು. ಅವನು ಮತ್ತೆ ಹಾಕಿದ. ನಾಲ್ಕನೇ ಸಲ ಅಳಿಸುವಾಗ ಅವಳ ತಾಳ್ಮೆ ಕಿತ್ತುಹೋಯಿತು.

ಅಂದು ಸಂಜೆ ಕ್ಲಿನಿಕ್ಕಿನಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ ಕೂತು ಬರೆದಳು. ಕ್ಯಾಪ್ಟನ್‌ಗೆ ಕಿವಿ ಕೇಳಿಸುತ್ತಿಲ್ಲ, ಅದಕ್ಕೇ ಮಾತು ಕಡಿಮೆ, ಅದಕ್ಕೇ ಬಿಡುವ ಯೋಚನೆ, ಇದರಲ್ಲಿ ಆ ಹೆಂಗಸಿನ ತಪ್ಪು ಎಳ್ಳಷ್ಟೂ ಇಲ್ಲ, ನಿಮಗೆಲ್ಲ ನಾಚಿಕೆಯಾಗಬೇಕು ಎಂದು ಒಂದೇ ಉಸಿರಿಗೆ. ಬರೆದು ಮುಗಿಸಿದಾಗ ಅರ್ಧ ಭಾರ ಇಳಿದಿತ್ತು. ಇನ್ನು ಅಳಿಸೋಣ ಎಂದು ಕೈ ಇಡುವಷ್ಟರಲ್ಲಿ ಅಮ್ಮ ಫೋನ್ ಮಾಡಿ, ಅಡುಗೆಮನೆಯ ನಲ್ಲಿ ಕಿತ್ತುಬಂದಿದೆ, ನೀರು ನಿಲ್ಲುತ್ತಿಲ್ಲ ಎಂದರು. ಪುಟ್ಟಿ ಕಂಪ್ಯೂಟರ್ ಮುಚ್ಚಿ ಪಕ್ಕದ ಬೀದಿಗೆ ಓಡಿದಳು. ನೀರು ಬಳಿದು, ಪ್ಲಂಬರ್‌ನನ್ನು ಹುಡುಕಿ, ಸುಸ್ತಾಗಿ ಅಮ್ಮನ ಮನೆಯಲ್ಲೇ ಮಲಗಿ, ಬೆಳಿಗ್ಗೆ ಅಲ್ಲಿಂದಲೇ ಕೆಲಸಕ್ಕೆ ಹೋದಳು. ಅವಸರದಲ್ಲಿ ಫೋನು ಅಮ್ಮನ ಮೇಜಿನ ಮೇಲೇ ಉಳಿಯಿತು.

ಕ್ಯಾಪ್ಟನ್ ಹತ್ತೂವರೆಗೆ ಬಂದರು. ಹುರುಳಿಕಾಳಿನಷ್ಟಿದ್ದ ಮೆಷಿನ್ನನ್ನು ಪುಟ್ಟಿ ಅವರ ಕಿವಿಯೊಳಗೆ ಕೂರಿಸಿ, ಕಂಪ್ಯೂಟರಿನಲ್ಲಿ ಒಂದೊಂದೇ ಸ್ವರವನ್ನು ಮೇಲಕ್ಕೆತ್ತುತ್ತಾ ಬಂದಳು. ಅವರು ಮೊದಲು ತಮ್ಮ ಅಂಗಿಯ ತೋಳನ್ನು ಉಜ್ಜಿ ನೋಡಿಕೊಂಡರು. ಆಮೇಲೆ ಕಾಗದವನ್ನು ಮಡಿಸಿದರು. ಕೆಳಗೆ ಟೈರ್ ಅಂಗಡಿಯವನು ಯಾರಿಗೋ ಬೈದದ್ದು ಕೇಳಿ ನಕ್ಕರು. ನಗುತ್ತಿದ್ದಂತೆ ಕಣ್ಣು ತುಂಬಿತು.

“ಆ ಗಡಿಯಾರ ಶಬ್ದ ಮಾಡುತ್ತಾ?”

“ಮಾಡುತ್ತೆ ಸರ್, ಮೊದಲಿಂದ್ಲೂ,” ಎಂದು ಪುಟ್ಟಿ ನಗುತ್ತಾ ಗೋಡೆಯ ಕಡೆ ತಿರುಗಿದಳು. ಹನ್ನೊಂದು ಹತ್ತು.

ಶನಿವಾರ. ಹನ್ನೊಂದು ಹತ್ತು.

ಅಳಿಸದೆ ಬಿಟ್ಟುಬಂದ ಬರಹ ನೆನಪಾಯಿತು. ಒಂದು ನಿಮಿಷ ಬಂದೆ ಸರ್ ಎಂದು ಹೊರಗೆ ಬಂದವಳು ಚೀಟಿ ಬರೆಯುವ ಹುಡುಗಿಯ ಫೋನನ್ನು ಹೆಚ್ಚುಕಡಿಮೆ ಕಸಿದುಕೊಂಡಳು. ಪುಟ ತೆರೆಯಲೊಲ್ಲದು. ತೆರೆಯುವ ಚಕ್ರ ತಿರುಗುತ್ತಲೇ ಇದೆ. ಒಳಗೆ ಗಡಿಯಾರದ ಟಿಕ್ಕಿಗೆ ಖುಷಿಪಡುತ್ತಾ ಕೂತಿರುವ ಮನುಷ್ಯ; ಇಲ್ಲಿ ಅವರ ಗುಟ್ಟು ಹನ್ನೊಂದು ಸಾವಿರ ಜನರ ಕೈಯಲ್ಲಿ. ಕೆಲಸ ಹೋಗುವುದು ಹಾಗಿರಲಿ, ಈ ಮುಖವನ್ನು ಆ ಮನುಷ್ಯನಿಗೆ ತೋರಿಸುವುದು ಹೇಗೆ?

ಪುಟ ತೆರೆಯಿತು. ಮೊದಲ ಸುದ್ದಿ: ಹಡಗಿನ ಸಿಬ್ಬಂದಿಗೆ ಹೊಸ ಸಮವಸ್ತ್ರ ಹೊಲಿಯುತ್ತಿರುವ ಅಕ್ಕತಂಗಿಯರು. ಎರಡನೆಯದು: ಸಂಗೀತ ನಿರ್ದೇಶಕರ ಮನೆಗೆ ಅವಳಿ ಮೊಮ್ಮಕ್ಕಳು. ಮೂರನೆಯದು: ಹಳೆಯ ಕಂತುಗಳ ಮರುಪ್ರಸಾರ. ಅಷ್ಟೇ. ಕೊನೆಯವರೆಗೆ ಎಳೆದಳು, ಮತ್ತೆ ಮೊದಲಿಂದ ಎಳೆದಳು. ಅಷ್ಟೇ.

ಮಾವನಿಗೆ ಫೋನ್ ಮಾಡಿದಳು.

“ಮಾವ, ನಾನು. ನಿನ್ನೆ ಒಂದು ಬರೆದಿಟ್ಟಿದ್ದೆ…”

“ನೋಡಿದೆ.”

“ಅದನ್ನ ಹಾಕ್ಲಿಲ್ವಾ?”

“ಯಾಕೆ ಹಾಕ್ಲಿ? ಅದು ಸುದ್ದಿಯಲ್ಲ ಪುಟ್ಟಿ. ಸುದ್ದಿ ಬರೆಯೋರು ನಾಲ್ಕು ಸಾಲಿಗೆ ಮೂರು ಸಲ ನಾಚಿಕೆಯಾಗಬೇಕು ಅಂತ ಬರೆಯಲ್ಲ. ಒಂದಲ್ಲ ಎರಡಲ್ಲ, ಏಳು ಕಡೆ ದೀರ್ಘ ಬಿಟ್ಟಿದ್ದೆ. ನೀನು ಸ್ಕೂಲಲ್ಲಿದ್ದಾಗ್ಲೂ ಅಳ್ತಾ ಬರೆದ್ರೆ ಮಾತ್ರ ದೀರ್ಘ ಬಿಡ್ತಿದ್ದೆ. ಇದು ಬೇರೆಯವರ ಗುಟ್ಟು, ಹೊಟ್ಟೇಲಿ ಇಟ್ಕೊಳ್ಳೋಕಾಗ್ದೆ ಬರೆದಿದಾಳೆ ಅಂದ್ಕೊಂಡೆ. ಅಳಿಸಿ ಹಾಕ್ದೆ. ನಿನ್ನ ಫೋನಿಗೆ ನಾಲ್ಕು ಸಲ ಮಾಡಿದೆ, ಎತ್ತಲಿಲ್ಲ.”

“ಮಾವ,” ಅಂದಳು ಪುಟ್ಟಿ. ಮೆಟ್ಟಿಲ ಮೇಲೆ ಕುಸಿದು ಕೂತಳು.

“ಓದಿದ್ದು ನಾನೂ ಮರ್ತೆ,” ಎಂದರು ಮಾವ. “ಊಟಕ್ಕೆ ಬಾ.”

ಮುಖ ತೊಳೆದುಕೊಂಡು ಒಳಗೆ ಹೋದಳು. ಏನೂ ಆಗಿಲ್ಲವಲ್ಲ, ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆ ಮನುಷ್ಯನ ಮುಂದೆ ಕೂತಾಗ ಸುಮ್ಮನಿರುವುದು ಆಗಲಿಲ್ಲ. ಪುಟ ತನ್ನದೇ ಎಂಬುದರಿಂದ ಹಿಡಿದು ಮಾವ ಅಳಿಸಿದ್ದರವರೆಗೆ ಎಲ್ಲವನ್ನೂ ಹೇಳಿದಳು.

ಕ್ಯಾಪ್ಟನ್ ಮುಖ ಬಿಗಿಯಿತು. “ನಿಮ್ಮನ್ನ ನಂಬಿ ಬಂದಿದ್ದೆ.”

“ಹೌದು ಸರ್. ಬೇರೆ ಕಡೆ ತೋರಿಸ್ಕೊಳ್ಳೋದಾದ್ರೆ ಫೈಲು ಈಗ್ಲೇ ಕೊಡ್ತೀನಿ. ದೂರು ಕೊಟ್ರೂ ಒಪ್ಕೋತೀನಿ.”

ಅವರು ಟೋಪಿ ಹಾಕಿಕೊಂಡು ಎದ್ದರು. ಫೈಲು ಕೇಳಲಿಲ್ಲ. ಮೆಷಿನ್ ಕಿವಿಯಲ್ಲೇ ಇತ್ತು.

ಮುಂದಿನ ಮೂರು ದಿನ ಪುಟ್ಟಿಗೆ ಅನ್ನ ಇಳಿಯಲಿಲ್ಲ. ಬುಧವಾರ ಮಧ್ಯಾಹ್ನ ಕ್ಲಿನಿಕ್ಕಿಗೆ ಫೋನ್ ಬಂತು.

“ಮೇಡಂ, ನಾನು. ಫೋನಲ್ಲಿ ಮಾತಾಡ್ತಿದೀನಿ, ಗಮನಿಸಿದ್ರಾ? ಒಂದೂವರೆ ವರ್ಷ ಆಗಿತ್ತು.”

“ಕೇಳಿಸ್ತಿದ್ಯಾ ಸರ್?”

“ನಿಮ್ಮ ಹಿಂದೆ ಯಾರೋ ಸ್ಟೇಪ್ಲರ್ ಒತ್ತಿದ್ದೂ ಕೇಳಿಸ್ತು. ಇರಲಿ. ಶನಿವಾರ ನನಗೆ ಸಿಟ್ಟು ಬಂದಿದ್ದು ನಿಜ. ಆಮೇಲೆ ಯೋಚನೆ ಮಾಡ್ದೆ. ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಆದ್ರೂ ಹೇಳಿದ್ರಿ. ಬಿಡೋ ವಿಷಯ ಹೇಳೋಣ ಅಂತ ಭಾನುವಾರ ಕಥೆಗಾರ್ತಿ ಮನೆಗೆ ಹೋಗಿದ್ದೆ. ಆಕೆ ಏನಂದ್ರು ಗೊತ್ತಾ? ನಿಮ್ಮ ಕಿವಿ ವಿಷಯ ನನಗೆ ಎರಡು ವರ್ಷದಿಂದ ಗೊತ್ತು ಅಂದ್ರು.”

ಪುಟ್ಟಿ ಕುರ್ಚಿಯ ಅಂಚಿಗೆ ಬಂದಳು.

“ಅದಕ್ಕೇ ಎಲ್ರನ್ನೂ ನನ್ನ ಎದುರಿಗೇ ನಿಲ್ಲಿಸಿ ಮಾತಾಡಿಸ್ತಿದ್ರಂತೆ, ತುಟಿ ಕಾಣ್ಲಿ ಅಂತ. ಹಿಂದಿನಿಂದ ಬರೋ ಮಾತು, ವಯರ್‌ಲೆಸ್ಸಲ್ಲಿ ಬರೋ ಮಾತು, ಎಲ್ಲ ತೆಗೆದು ಹಾಕ್ತಿದ್ರಂತೆ. ಜನ ಉಗಿದ್ರೂ ಬಾಯಿ ಬಿಡ್ಲಿಲ್ಲ. ಯಾಕಮ್ಮಾ ಅಂದ್ರೆ, ನಿಮ್ಮ ವಿಷಯ ನೀವು ಹೇಳ್ಬೇಕು, ನಾನಲ್ಲ ಅಂದ್ರು.” ಅವರು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. “ಬಿಡೋಕೆ ಒಪ್ಪಲ್ಲವಂತೆ. ಕಥೆಯಲ್ಲಿ ಕ್ಯಾಪ್ಟನ್‌ಗೂ ಮೆಷಿನ್ ಹಾಕ್ಸಿ ಬರೀತಾರಂತೆ.”

“ನೀವೇನಂದ್ರಿ ಸರ್?”

“ಆಯ್ತು ಅಂದೆ. ಅವರ ಮುಂದೆ ಬೇರೆ ಏನು ಅನ್ನೋಕಾಗುತ್ತೆ? ಈಗ ನಾನೇ ಒಂದು ಪುಟ ಬರೆದು ಕಳಿಸ್ತೀನಿ. ಮೊದಲು ನಿಮ್ಮಲ್ಲೇ ಬರ್ಲಿ. ನಿಮ್ಮ ಮಾವನಿಗೆ ಹೇಳಿ, ತಪ್ಪಿದ್ರೆ ತಿದ್ದಲಿ.”

ಮಾವ ಹನ್ನೆರಡು ತಪ್ಪು ತಿದ್ದಿದರು. ಮನುಷ್ಯ ಒಳ್ಳೆಯವನು, ಒತ್ತಕ್ಷರದಲ್ಲಿ ಸ್ವಲ್ಪ ಹಗುರ ಎಂದರು. ಶನಿವಾರ ಹನ್ನೊಂದಕ್ಕೆ ಕ್ಯಾಪ್ಟನ್ ತಾವೇ ಬರೆದ ಕಾಗದ ಪ್ರಕಟವಾಯಿತು: ನನಗೆ ಕಿವಿ ಮಂದವಾಗಿದೆ, ಮುಚ್ಚಿಟ್ಟೆ, ನನ್ನ ಮಾನ ಉಳಿಸಲು ಒಬ್ಬರು ನಿಮ್ಮ ಬೈಗುಳವನ್ನೆಲ್ಲ ತಿಂದರು, ನಾನು ಎಲ್ಲಿಗೂ ಹೋಗುತ್ತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೈಗುಳದ ಸದ್ದಡಗಿತು. ಕ್ಷಮೆ ಕೇಳಿದವರು ಇನ್ನೂರಕ್ಕೂ ಹೆಚ್ಚು. ಗೇಟಿನ ಫೋಟೋದವನು ಕ್ಷಮೆ ಕೇಳಲಿಲ್ಲ, ಫೋಟೋ ಮಾತ್ರ ತೆಗೆದ. ಕಥೆಗಾರ್ತಿ ಒಂದೇ ಸಾಲು ಬರೆದಳು: ಎಲ್ಲರಿಗೂ ವಂದನೆ, ಮುಂದಿನ ಕಂತು ಬರೆಯುವುದಿದೆ. ಅದನ್ನು ಓದಿ ಪುಟ್ಟಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು. ಆಮೇಲೆ ಹಸಿವಾಯಿತು. ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಸೋಮವಾರ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಒಂಬತ್ತು ಜನ ಕಾಯುತ್ತಿದ್ದರು. ಮಕ್ಕಳ ಪ್ರಶ್ನೆ ಕೇಳಿಸದೆ ಎರಡು ವರ್ಷದಿಂದ ಸುಮ್ಮನೆ ತಲೆಯಾಡಿಸುತ್ತಿದ್ದ ಗಣಿತದ ಮೇಷ್ಟ್ರು, ಟೀವಿ ಸದ್ದಿಗೆ ಸೊಸೆಯೊಂದಿಗೆ ದಿನವೂ ಜಗಳವಾಡುತ್ತಿದ್ದ ಅಜ್ಜಿ. ಮೊದಲು ಒಳಗೆ ಬಂದವನು ದಪ್ಪ ಮೀಸೆಯ ಬಸ್ ಡ್ರೈವರು. ಹೆಂಡತಿಗೂ ಹೇಳದೆ ಬಂದಿದ್ದ. ಮೆಷಿನ್ ಹಾಕಿದರೆ ಎದ್ದು ಕಾಣುತ್ತದೆಯೇ ಎಂದು ಮೂರು ಸಲ ಕೇಳಿದ. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ.

“ಕ್ಯಾಪ್ಟನ್ನೇ ಹಾಕ್ಕೊಂಡಿದಾರಂತಲ್ಲ ಮೇಡಂ. ನಿಮಗೆ ಗೊತ್ತಾಯ್ತಾ?”

“ಹೌದಂತೆ,” ಎಂದಳು ಪುಟ್ಟಿ, ಅವನ ಕಿವಿಗೆ ಹೆಡ್‌ಫೋನ್ ಕೂರಿಸುತ್ತಾ. “ನಾನೂ ಎಲ್ಲೋ ಓದಿದೆ.”