ಹೋದವರ ಡಬ್ಬಿ

ಲ್ಯಾಬಿನಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದುದು ‘ಲೇಬಲ್’ ಎಂದು. ಹೆಸರು, ತಾರೀಖು ಬರೆಯದ ಬಾಟಲಿ ಕಣ್ಣಿಗೆ ಬಿದ್ದರೆ ನಾನು ಯಾರನ್ನೂ ಕೇಳುತ್ತಿರಲಿಲ್ಲ, ನೇರವಾಗಿ ಕಸಕ್ಕೆ. ಒಮ್ಮೆ ಉದ್ದಣ್ಣ ಎರಡು ದಿನ ಒದ್ದಾಡಿ ಮಾಡಿಟ್ಟಿದ್ದ ದ್ರಾವಣವನ್ನು ಹಾಗೇ ಚೆಲ್ಲಿಬಿಟ್ಟಿದ್ದೆ. ಪಾಪ, ತಲೆಯ ಮೇಲೆ ಕೈ ಹೊತ್ತು ಕೂತ. ಉದ್ದಣ್ಣ ಅಂದರೆ ನಮ್ಮ ಹಿರಿಯ ಪಿಎಚ್‌ಡಿ ವಿದ್ಯಾರ್ಥಿ, ಯಾವ ಬಾಗಿಲಿಗಾದರೂ ತಲೆ ತಗ್ಗಿಸಿಯೇ ಬರಬೇಕಾದ ಆಸಾಮಿ. ನಾನು ಅಲ್ಲಿ ಟೆಕ್ನಿಷಿಯನ್.

ವರ್ಷಕ್ಕೊಮ್ಮೆ ದೊಡ್ಡ ಫ್ರೀಜರ್ ಖಾಲಿ ಮಾಡುವುದೂ ನನ್ನ ಕೆಲಸವೇ. ಮೈನಸ್ ಎಂಬತ್ತು ಡಿಗ್ರಿಯ ಆ ಪೆಟ್ಟಿಗೆಯೊಳಗೆ ಎಲ್ಲರ ಬ್ಯಾಕ್ಟೀರಿಯಾಗಳೂ ಸಣ್ಣ ಸಣ್ಣ ಟ್ಯೂಬುಗಳಲ್ಲಿ, ರಟ್ಟಿನ ಡಬ್ಬಿಗಳಲ್ಲಿ ನಿದ್ದೆ ಮಾಡುತ್ತಿರುತ್ತವೆ. ನಾನು ಒಂದೊಂದೇ ಡಬ್ಬಿ ಎತ್ತಿ, ಮೇಲಿನ ಹೆಸರು ಓದಿ ಕೂಗುತ್ತಿದ್ದೆ: "ಇದಾರಾ, ಹೋದ್ರಾ?" ಇದ್ದಾರೆ ಎಂದರೆ ಡಬ್ಬಿ ಮತ್ತೆ ಒಳಗೆ. ಹೋದರು ಎಂದರೆ ಕೆಂಪು ಚೀಲಕ್ಕೆ, ಅಲ್ಲಿಂದ ಆಟೊಕ್ಲೇವಿಗೆ. ಅದೊಂದು ದೊಡ್ಡ ಕುಕ್ಕರ್ ಎಂದುಕೊಳ್ಳಿ. ಒಳಗೆ ಹಾಕಿದ್ದೆಲ್ಲ ಉಗಿಯಲ್ಲಿ ಬೆಂದು ಸಾಯುತ್ತದೆ. ಓದು ಮುಗಿಸಿ ಹೋದವರು, ಅರ್ಧಕ್ಕೇ ಬಿಟ್ಟು ಹೋದವರು, ಜಗಳವಾಡಿಕೊಂಡು ಹೋದವರು, ಎಲ್ಲರ ಡಬ್ಬಿಯೂ ನನಗೆ ಒಂದೇ. "ಕರುಳು ಚುರ್ ಅನ್ನಲ್ವಾ ನಿಂಗೆ?" ಎಂದು ಉದ್ದಣ್ಣ ಕೇಳಿದರೆ, "ಇರೋರಿಗೆ ಜಾಗ ಬೇಕಲ್ಲಪ್ಪಾ" ಎನ್ನುತ್ತಿದ್ದೆ.

ನನಗೂ ಪಿಎಚ್‌ಡಿ ಮಾಡುವ ಹುಚ್ಚು ಹಿಡಿದಿತ್ತು. ಅಡ್ಡಗಾಲು ಹಾಕಿದ್ದು ಡಿಗ್ರಿಯ ಜಿಪಿಎ: ಹತ್ತಕ್ಕೆ ಐದು ಚಿಲ್ಲರೆ. ಯಾಕೆ ಅಷ್ಟು ಕಡಿಮೆ ಎಂದು ಕೇಳದವರಿಲ್ಲ. ಅರ್ಜಿಗಳಲ್ಲೇ ಅದಕ್ಕೊಂದು ಜಾಗ ಬಿಟ್ಟಿರುತ್ತಾರೆ, ಕಾರಣ ಬರೆಯಿರಿ ಎಂದು. ಮನೆಯಲ್ಲಿ ಸಾವು, ಕಾಯಿಲೆ, ಅಪಘಾತ, ಏನಾದರೊಂದು ಆಗಿರಬೇಕು ಅವರಿಗೆ. ನನಗೆ ಏನೂ ಆಗಿರಲಿಲ್ಲ. ಹದಿನೆಂಟರ ಕತ್ತೆ, ಹಿಂದಿನ ಬೆಂಚಿನಲ್ಲಿ ಕೂತು ಹರಟೆ ಹೊಡೆದೆ, ಅಷ್ಟೆ. ಅದಕ್ಕೆ ಜೀವಮಾನವಿಡೀ ದಂಡ ಕಟ್ಟಬೇಕಾ?

"ಅಮ್ಮಂಗೆ ಕ್ಯಾನ್ಸರ್ ಆಗಿತ್ತು ಅಂತ ಬರ್ದ್‌ಬಿಡೇ, ಯಾರು ಬಂದು ನೋಡ್ತಾರೆ?" ಎಂದಳು ಅಮ್ಮ. ಅಮ್ಮನದು ಬೀದಿಗೆ ತೆರೆದುಕೊಂಡಿರುವ ಸಣ್ಣ ಬ್ಯೂಟಿ ಪಾರ್ಲರ್, ಅದರ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ.

"ಬಿಡ್ತು ಅನ್ನಮ್ಮ! ಬಾಯಿಗೆ ಬಂದಿದ್ದೆಲ್ಲಾ ಆಡ್ತೀಯಲ್ಲ."

"ಹಾಗಾದ್ರೆ ಕಾಲು ಮುರಿದಿತ್ತು ಅನ್ನು. ಕಾಲಿನ ಮೇಲೆ ನಂಗೇನು ಅಂಥಾ ಪ್ರೀತಿ ಇಲ್ಲ."

ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ: ಆಗ ಓದಲಿಲ್ಲ, ಈಗ ಓದುತ್ತೇನೆ. ವರ್ಷಾ ವರ್ಷಾ ಅರ್ಜಿ ಹಾಕಿದೆ, ವರ್ಷಾ ವರ್ಷಾ ‘ವಿಷಾದಿಸುತ್ತೇವೆ’ ಎಂದು ಬಂತು. ಕೆಲವು ಕಡೆ ಅಷ್ಟು ಮರ್ಯಾದೆಯೂ ಇಲ್ಲ. ಆರಕ್ಕಿಂತ ಕಡಿಮೆ ಅಂಕ ತುಂಬಿದರೆ ಪರದೆಯ ಮೇಲಿನ ಚೌಕ ಕೆಂಪಾಗಿ, ಮುಂದಿನ ಪುಟ ತೆರೆಯುವುದೇ ಇಲ್ಲ. ಮನುಷ್ಯರಾದರೆ ಜಗಳಕ್ಕೆ ನಿಲ್ಲಬಹುದು. ಆ ಚೌಕದ ಹತ್ತಿರ ಯಾವ ಬಾಯಲ್ಲಿ ಮಾತಾಡುವುದು?

ದಾರಿ ತೆರೆದದ್ದು ಅಮ್ಮನ ಅಂಗಡಿಯಿಂದಲೇ. ಪಾರ್ಲರಿನಲ್ಲಿ ಬಾಚಣಿಗೆ ಅದ್ದಿಡುವ ನೀಲಿ ನೀರಿನ ಜಾಡಿ ಇರುತ್ತದಲ್ಲ, ಕ್ರಿಮಿ ಸಾಯಲೆಂದು ಔಷಧಿ ಬೆರೆಸಿದ್ದು, ಅದರದೊಂದು ಹನಿಯನ್ನು ಒಂದು ಭಾನುವಾರ ಸುಮ್ಮನೆ ಲ್ಯಾಬಿಗೆ ತಂದು, ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಯ ಮೇಲೆ ಸವರಿ ಇಟ್ಟೆ. ಮಾರನೆಯ ದಿನ ನೋಡಿದರೆ ತಟ್ಟೆ ತುಂಬ ಹಳದಿ ಚುಕ್ಕೆಗಳು. ಸಾಯಿಸುವ ನೀರಿನಲ್ಲೇ ಯಾವುದೋ ಒಂದು ಬ್ಯಾಕ್ಟೀರಿಯಾ ಹಾಯಾಗಿ ಸಂಸಾರ ಹೂಡಿತ್ತು. ಓಡಿಹೋಗಿ ಮೇಡಂಗೆ ತೋರಿಸಿದೆ. ನಮ್ಮ ಲ್ಯಾಬಿನ ಮುಖ್ಯಸ್ಥೆ ಅವರು. ಏನಾದರೂ ಮನಸ್ಸಿಗೆ ಹಿಡಿಸಿದರೆ ಕನ್ನಡಕವನ್ನು ನೆತ್ತಿಗೇರಿಸುವುದು ಅವರ ಅಭ್ಯಾಸ. ಏರಿಸಿದರು.

"ಎಲ್ಲಿಂದ ತಂದೆ ಇದನ್ನ?"

"ನಮ್ಮಮ್ಮನ ಅಂಗಡಿಯಿಂದ, ಮೇಡಂ."

"ನಿಮ್ಮಮ್ಮಂಗೆ ಹೇಳ್ಬೇಡ."

ನನ್ನ ಬಾಯಿ ನಿಲ್ಲಬೇಕಲ್ಲ, ಹೇಳಿಬಿಟ್ಟೆ. "ನನ್ನ ಅಂಗಡೀಲಿ ಕ್ರಿಮಿನಾ? ನನ್ನ ಕೈಲಿ ತಲೆ ಬಾಚಿಸ್ಕೊಂಡು ಯಾವಳಾದ್ರೂ ಸತ್ತಿದಾಳಾ?" ಎಂದು ಅಮ್ಮ ಮುಖ ಊದಿಸಿಕೊಂಡಳು. ಆಮೇಲೆ ಒಂದು ದಿನ ತಾನಾಗಿಯೇ ಸಣ್ಣ ಸೀಸೆಯೊಂದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಬಂದಳು. "ಎದುರಿನವಳ ಅಂಗಡೀದು. ನೋಡು, ಇದ್ರಲ್ಲಿ ನಂದಕ್ಕಿಂತ ಜಾಸ್ತಿ ಇರುತ್ತೆ." ಅಲ್ಲಿಂದ ಮುಂದೆ ಊರಿನ ಪಾರ್ಲರುಗಳ, ಕ್ಷೌರದಂಗಡಿಗಳ ಜಾಡಿ ನೀರೆಲ್ಲ ಅಮ್ಮನ ಕೈಯಿಂದ ನನ್ನ ಕೈಗೆ ಬರತೊಡಗಿತು.

ಇದನ್ನೇ ವಿಷಯ ಮಾಡಿ ಪಿಎಚ್‌ಡಿಗೆ ಸೇರಿಸಿಕೊಳ್ಳುತ್ತೇನೆ ಎಂದು ಮೇಡಂ ಪಟ್ಟು ಹಿಡಿದರು. ಆಯ್ಕೆ ಸಮಿತಿಯವರು ನನ್ನ ಅಂಕ ಓದಿ ಹೇಳಿದರಂತೆ. "ನೀವು ಅವಳ ನಂಬರ್ ನೋಡಿದೀರಿ, ನಾನು ನಾಲ್ಕು ವರ್ಷದಿಂದ ಅವಳ ಕೆಲಸ ನೋಡಿದೀನಿ" ಎಂದು ಮೇಡಂ ಮೇಜು ಗುದ್ದಿದರಂತೆ. ಕೊನೆಗೆ ಎರಡು ಷರತ್ತು ಹಾಕಿ ಒಪ್ಪಿದರು. ಮೊದಲ ಸೆಮಿಸ್ಟರ್ ಪರೀಕ್ಷೆಯ ಎರಡೂ ಪತ್ರಿಕೆಗಳಲ್ಲಿ ಮೇಲಿನ ದರ್ಜೆ ಬರಬೇಕು. ಮತ್ತೆ, ಒಂದು ತಿಂಗಳು ಗೈಡ್ ಇಲ್ಲದೆ ಉಳಿದರೆ ನೋಂದಣಿ ರದ್ದು. ಎರಡನೆಯದನ್ನು ಓದಿ ಮೇಡಂ ನಕ್ಕರು. "ನಾನೆಲ್ಲಿಗೆ ಹೋಗ್ತೀನಿ? ನಿವೃತ್ತಿಗೇ ಇನ್ನೂ ಎಂಟು ವರ್ಷ ಇದೆ."

ಟೆಕ್ನಿಷಿಯನ್ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಹೊಸ ರಟ್ಟಿನ ಡಬ್ಬಿ ತಂದು ಮುಚ್ಚಳದ ಮೇಲೆ ನನ್ನ ಹೆಸರು ಬರೆದೆ, ತಾರೀಖು ಬರೆದೆ. ಮೊದಲ ಟ್ಯೂಬಿನ ಮೇಲೆ ‘ಅಮ್ಮ’, ಎರಡನೆಯದರ ಮೇಲೆ ‘ಎದುರಂಗಡಿ’. ಸಂಖ್ಯಾಶಾಸ್ತ್ರದ ಪತ್ರಿಕೆ ನನ್ನನ್ನು ಹಿಂಡಿ ಹಿಪ್ಪೆ ಮಾಡಿತು. ಪಾರ್ಲರಿನ ಹೇರ್ ಡ್ರೈಯರ್ ಸದ್ದಿನಲ್ಲೇ ಕೂತು ಲೆಕ್ಕ ಬಿಡಿಸಿದೆ, ಅತ್ತೆ, ಮತ್ತೆ ಬಿಡಿಸಿದೆ. ಎರಡರಲ್ಲೂ ಮೇಲಿನ ದರ್ಜೆ ಬಂದ ದಿನ ಅಮ್ಮ ಅರ್ಧ ಹುಬ್ಬು ತಿದ್ದಿಸಿಕೊಂಡು ಕೂತಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಬೀದಿಗೆ ಓಡಿದಳು. "ನನ್ನ ಮಗಳು ಡಾಕ್ಟರ್ ಆಗ್ತಾಳೆ! ಸೂಜಿ ಚುಚ್ಚೋ ಡಾಕ್ಟರ್ ಅಲ್ಲ, ಅದಕ್ಕಿಂತ ದೊಡ್ಡದು!" ಎದುರಂಗಡಿಯವಳಿಗೆ ಕೇಳಿಸಲಿ ಎಂದೇ ಅಷ್ಟು ಜೋರಾಗಿ ಕೂಗಿದ್ದು. ನನಗೆ ಅಷ್ಟು ಸಂತೋಷ ಅದಕ್ಕಿಂತ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಅದಾಗಿ ಕೆಲವೇ ವಾರಗಳಲ್ಲಿ ಮೇಡಂ ಪಾಠ ಮಾಡುತ್ತಿದ್ದವರು ಮಾತು ನಿಲ್ಲಿಸಿ, ತಲೆ ಹಿಡಿದುಕೊಂಡು, ಮುಂದಿನ ಬೆಂಚಿನ ತುದಿಗೆ ಕೂತರು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಸಂಜೆಯ ಹೊತ್ತಿಗೆ ಹೋಗಿಬಿಟ್ಟರು. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತೆ. ಉದ್ದಣ್ಣ ನನ್ನ ಚೀಲವನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ.

ಲ್ಯಾಬ್ ಮುಚ್ಚಿದರೆ ಅಲ್ಲಿನ ಸಾಮಾನು ಉಳಿದ ಲ್ಯಾಬುಗಳಿಗೆ ಸೇರಬೇಕು. ನಮ್ಮ ವಿಭಾಗದಲ್ಲಿ ಅದಕ್ಕೊಂದು ಪದ್ಧತಿ ಇದೆ. ಲ್ಯಾಬಿಗೊಂದು ಬಣ್ಣದ ಸ್ಟಿಕ್ಕರ್ ಕೊಡುತ್ತಾರೆ. ಗೊತ್ತುಮಾಡಿದ ದಿನ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬಂದು ಬೇಕಾದ್ದಕ್ಕೆ ಅಂಟಿಸುವುದು, ಮೊದಲು ಅಂಟಿಸಿದವರಿಗೆ ಆ ಸಾಮಾನು. ನಿನ್ನೆ ಮೊನ್ನೆ ಸಂತಾಪ ಸಭೆಯಲ್ಲಿ ಕಣ್ಣು ಒರೆಸಿಕೊಂಡ ದೊಡ್ಡ ದೊಡ್ಡ ಪ್ರೊಫೆಸರುಗಳು ಬಸ್ಸಿನ ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವವರ ಹಾಗೆ ನುಗ್ಗಿದರು. ಸೂಕ್ಷ್ಮದರ್ಶಕಕ್ಕೆ ಹಳದಿ, ತಕ್ಕಡಿಗೆ ನೀಲಿ, ಮೇಡಂ ಕೂರುತ್ತಿದ್ದ ಕುರ್ಚಿಗೂ ಯಾರೋ ಕಿತ್ತಳೆ ಅಂಟಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡ ಫ್ರೀಜರಿಗೆ ಹಸಿರು ಬಿತ್ತು.

ವಿದ್ಯಾರ್ಥಿಗಳು ಮೂರು ಜನ. ಉದ್ದಣ್ಣನ ಪ್ರಬಂಧ ಮುಗಿಯುತ್ತ ಬಂದಿತ್ತು, ಪುಕ್ಕಟೆ ಸಿಗುವ ಹೆಸರನ್ನು ಯಾರು ಬಿಡುತ್ತಾರೆ, ಹಳದಿಯವರು ಕರೆದುಕೊಂಡರು. ಹೊಸದಾಗಿ ಸೇರಿದ್ದ ಚಿನ್ನದ ಪದಕದ ಹುಡುಗಿಗಾಗಿ ನೀಲಿಯವರಿಗೂ ಕಿತ್ತಳೆಯವರಿಗೂ ಕಾರಿಡಾರಿನಲ್ಲೇ ಮಾತಿಗೆ ಮಾತು ಬೆಳೆಯಿತು. ಉಳಿದವಳು ನಾನು.

ಬಾಗಿಲು ಬಾಗಿಲಿಗೂ ಹೋದೆ. ಬಯ್ದು ಕಳಿಸಿದ್ದರೆ ಚೆನ್ನಾಗಿತ್ತು. ಎಲ್ಲರೂ ಕೂರಿಸಿ, ಟೀ ಕೊಟ್ಟು, ಇಲ್ಲ ಎಂದರು. "ನೀನು ಒಳ್ಳೇ ಕೆಲಸಗಾತಿ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನಮಗೆ ಹಣ ಕೊಡೋರು ವಿದ್ಯಾರ್ಥಿಗಳ ಡಿಗ್ರಿ ಅಂಕ ಕೇಳ್ತಾರಮ್ಮ" ಎಂದರು ಒಬ್ಬರು. ಈಗ ಬಂದಿರುವ ಮೇಲಿನ ದರ್ಜೆ ತೋರಿಸಿದೆ. "ಅದು ಎರಡೇ ಪತ್ರಿಕೆ ಅಲ್ವಾ" ಎಂದರು. ಇನ್ನೊಬ್ಬರು ಮೇಡಂನ ಬಗ್ಗೆ ಬಹಳ ಹೊತ್ತು ಹೊಗಳಿ ಮಾತಾಡಿ, ಕೊನೆಗೆ, "ಅವರದು ಹೆಂಗರುಳು, ನಿನ್ನ ವಿಷಯದಲ್ಲಿ ಸ್ವಲ್ಪ ದುಡುಕಿದ್ರು" ಎಂದರು. ನಾನು ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಬಂದೆ. ನನ್ನ ಡಬ್ಬಿಯನ್ನಾದರೂ ಯಾರಾದರೂ ಇಟ್ಟುಕೊಳ್ಳಿ ಎಂದು ಕೇಳಿದೆ. ಔಷಧಿಗೂ ಸಾಯದ ಬ್ಯಾಕ್ಟೀರಿಯಾ, ಅದಕ್ಕೆ ಜವಾಬ್ದಾರಿ ಹೊತ್ತು ಸಹಿ ಹಾಕುವ ಗೈಡ್ ಬೇಕು ಎಂದರು. ಉದ್ದಣ್ಣ ತನ್ನ ಹೊಸ ಗೈಡ್ ಹತ್ತಿರ ಹೋಗಿ ಗೋಗರೆದ, ಬೈಸಿಕೊಂಡು ವಾಪಸ್ ಬಂದ.

ತಿಂಗಳು ತುಂಬಿತು. ನೋಂದಣಿ ರದ್ದಾಯಿತು ಎಂದು ಕಚೇರಿಯಿಂದ ಒಂದೇ ಸಾಲು ಬಂತು.

ಹಸಿರಿನ ಪ್ರೊಫೆಸರ್ ಆ ವಾರವೇ ಕರೆಸಿದರು. ಒಳ್ಳೆಯವರೇ, ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. "ಫ್ರೀಜರ್ ಬಂತು, ಅದನ್ನ ನೋಡ್ಕೊಳ್ಳೋರು ಬೇಕಲ್ಲಮ್ಮ. ಟೆಕ್ನಿಷಿಯನ್ ಜಾಗ ಖಾಲಿ ಇದೆ, ನಾಳೆಯಿಂದಲೇ ಬಾ. ಮುಂದಿನ ವರ್ಷ ಮತ್ತೆ ಪಿಎಚ್‌ಡಿಗೆ ಅರ್ಜಿ ಹಾಕ್ಕೊಂಡ್ರಾಯ್ತು." ಮತ್ತೆ ಅರ್ಜಿ, ಮತ್ತೆ ಐದು ಚಿಲ್ಲರೆ, ಮತ್ತೆ ಅದೇ ಕೆಂಪು ಚೌಕ.

ಮನೆಗೆ ಬಂದಾಗ ಅಮ್ಮ ಗಿರಾಕಿಯೊಬ್ಬಳ ಕೂದಲಿಗೆ ಬಣ್ಣ ಹಚ್ಚುತ್ತಿದ್ದಳು. ಕನ್ನಡಿಯಲ್ಲೇ ನನ್ನ ಮುಖ ನೋಡಿದಳು.

"ಏನಂದ್ರೇ ಅವ್ರು?"

"ಕೆಲಸ ಕೊಟ್ರು. ಹಳೇ ಕೆಲಸ."

ಅಮ್ಮ ಬ್ರಷ್ಷು ಹಿಡಿದ ಕೈಯನ್ನು ನಿಲ್ಲಿಸಲಿಲ್ಲ. "ನಾನು ಇಡೀ ಬೀದಿಗೆ ಹೇಳ್ಬಿಟ್ಟಿದೀನಲ್ಲೇ" ಎಂದಳು ಸಣ್ಣ ದನಿಯಲ್ಲಿ. ಬ್ರಷ್ಷನ್ನು ಮತ್ತೆ ಬಣ್ಣದಲ್ಲಿ ಅದ್ದಿ, "ನಾನೇನೂ ಹೇಳಕ್ಕೆ ಹೋಗಲ್ಲ ಬಿಡು. ಕೇಳಿದ್ರೆ ಓದ್ತಾ ಇದಾಳೆ ಅಂತೀನಿ" ಎಂದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಹೊಸ ಲ್ಯಾಬಿನಲ್ಲಿ ಮೊದಲ ದಿನದ ಕೆಲಸ ಫ್ರೀಜರ್ ಖಾಲಿ ಮಾಡುವುದು. "ಹಳೇದೆಲ್ಲಾ ತೆಗೆದುಬಿಡು, ನಿಂಗೆ ಗೊತ್ತಲ್ಲ" ಎಂದು ಪ್ರೊಫೆಸರ್ ಮೀಟಿಂಗಿಗೆ ಹೋದರು. ಜೊತೆಗೆ ಕೊಟ್ಟಿದ್ದು ಆ ವಾರವಷ್ಟೇ ಪಿಎಚ್‌ಡಿಗೆ ಸೇರಿದ್ದ ಒಬ್ಬ ಹುಡುಗಿಯನ್ನು. ನನ್ನ ಹೆಸರು ಅವಳಿಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ; ಬಂದ ಕೂಡಲೇ ‘ಅಕ್ಕಾ’ ಎಂದಿದ್ದಳು. ದಪ್ಪ ಕೈಗವಸು ಹಾಕಿಸಿದೆ. ಹೇಗೆ ಮಾಡಬೇಕೆಂದು ಹೇಳಿಕೊಟ್ಟೆ: ಡಬ್ಬಿ ಎತ್ತು, ಹೆಸರು ಓದು, ಇದ್ದಾರಾ ಹೋದರಾ ಎಂದು ಕೇಳು. ಚುರುಕಿನ ಹುಡುಗಿ, ಬೇಗ ಕಲಿತಳು. ಮೇಡಂನ ಡಬ್ಬಿಗಳು ಬಂದವು, ಹಳೆಯ ವಿದ್ಯಾರ್ಥಿಗಳವು ಬಂದವು. ಹೋದ್ರು, ಹೋದ್ರು ಎನ್ನುತ್ತ ಹೋದೆ. ಕೆಂಪು ಚೀಲ ತುಂಬುತ್ತ ಬಂತು.

ಆಮೇಲೆ ಅವಳು ಹೊಸ ಡಬ್ಬಿಯೊಂದನ್ನು ಎತ್ತಿದಳು. ಕೈಗವಸಿನ ಬೆರಳಿನಿಂದ ಮುಚ್ಚಳದ ಮೇಲಿನ ಹಿಮ ಒರೆಸಿ ನನ್ನ ಹೆಸರನ್ನು ಗಟ್ಟಿಯಾಗಿ ಓದಿದಳು. ಮುಚ್ಚಳ ತೆರೆದು ನೋಡಿದಳು.

"ಅಯ್ಯೋ, ಅಕ್ಕಾ, ನೋಡಿ ಇಲ್ಲಿ! ಟ್ಯೂಬಿನ ಮೇಲೆ ‘ಅಮ್ಮ’ ಅಂತ ಬರ್ದಿದಾರೆ. ಎಷ್ಟು ಚೆನ್ನಾಗಿ ಜೋಡ್ಸಿದಾರೆ ಎಲ್ಲಾನೂ."

"ಮುಚ್ಚಳ ಹಾಕು, ಕರಗುತ್ತೆ" ಎಂದೆ, ಅಭ್ಯಾಸಬಲದಿಂದ.

ಹಾಕಿದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು.

"ಇವರು ಇದಾರಾ ಅಕ್ಕಾ, ಹೋದ್ರಾ?"

"ಹೋದ್ರು" ಎಂದೆ.

ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿ ಮುಂದಿನದನ್ನು ಎತ್ತಿಕೊಂಡಳು.